ಸೆಲ್ಮೊ ಬೆಳೆದ ಬಗೆ

ಕುಯೊ ದ್ವೀಪ
ಮಾರ್ಚ್ 12, 1989

ಪ್ರೀತಿಯ ಇಂದಾಯ್ ನೆಲ್ಫಾ,

ಊರು ಸೇರಿದೆ. ಇಲೊಯಿಲೊದಿಂದ ಹೊರಟ ಹಡಗು ಗಾಳಿಗೆ ಸಿಕ್ಕಿ ದಾರಿಯುದ್ದಕ್ಕೂ ಹೊಯ್ದಾಡಿತು. ಆ ಚಿಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು, "ಏನಮ್ಮಾ ಅದು, ಬ್ರೆಡ್ಡಾ?" ಎಂದು ಕೇಳಿದಳು. ಹೌದು ಎಂದೆ.

ಆನ್ಸೆಲ್ಮೊನನ್ನು, ನನ್ನ ಸೆಲ್ಮೊನನ್ನು, ಚರ್ಚಿನ ಹಿಂದೆ ನನ್ನ ಅಪ್ಪನ ಪಕ್ಕದಲ್ಲಿ ಮಲಗಿಸಿದೆವು. ಗುಂಡಿಯನ್ನು ನನ್ನ ಗಂಡ ತಿಕ್ಯೊನೇ ತೋಡಿದ. ಅಂದಿನಿಂದ ಅವನ ಬಾಯಲ್ಲಿ ಮಗನ ಹೆಸರು ಬಂದಿಲ್ಲ. ನಾನು ಹೇಳಿದರೆ ಎದ್ದು ಬಲೆ ಹೊಲಿಯಲು ಹೋಗುತ್ತಾನೆ. ಹರಿಯದ ಬಲೆಯನ್ನೂ ಹೊಲಿಯುತ್ತಾನೆ.

ನಿನ್ನ ಮಾರಿವಿಕ್ ಹೇಗಿದ್ದಾಳೆ? ಗಾಜಿನ ಪೆಟ್ಟಿಗೆಯಿಂದ ಹೊರಗೆ ತಂದರೇ? ನಮ್ಮಿಬ್ಬರಿಗೂ ಒಂದೇ ಸಕ್ಕರೆ ಕಾಯಿಲೆ, ಇಬ್ಬರಿಗೂ ಏಳು ತಿಂಗಳಿಗೇ ಹೆರಿಗೆ. ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಗಾಜಿನ ಪೆಟ್ಟಿಗೆಗಳಲ್ಲಿ ನಿನ್ನ ಮಗಳು, ನನ್ನ ಮಗ. ನಿನಗೆ ಹಾಲು ಬಂದಿರಲಿಲ್ಲ, ನನಗೆ ಬೇಡವೆಂದರೂ ಬರುತ್ತಿತ್ತು. ಒಂದೇ ಬಟ್ಟಲಿನಿಂದ ಆ ಸಣ್ಣ ಕೊಳವೆಗಳಲ್ಲಿ ಇಬ್ಬರಿಗೂ ಹೋಗುತ್ತಿದ್ದ ಹಾಲು ಈಗಲೂ ನಿಂತಿಲ್ಲ. ಹಡಗಿನ ಸಿಳ್ಳೆ ಕೇಳಿದರೆ ಸಾಕು, ರವಿಕೆ ಒದ್ದೆಯಾಗುತ್ತದೆ.

ನಿನ್ನಲ್ಲಿ ಒಂದು ಬೇಡಿಕೆ ಇದೆ. ಅವಳು ಏನೇನು ಮಾಡುತ್ತಾಳೋ ಎಲ್ಲವನ್ನೂ ನನಗೆ ಬರೆ. ಆಗ ಸೆಲ್ಮೊ ಇದ್ದಿದ್ದರೆ ಏನು ಮಾಡುತ್ತಿದ್ದ ಎನ್ನುವುದು ನನಗೆ ತಿಳಿಯುತ್ತದೆ.

ಅಕ್ಕನ ಹಾಗಿರುವ ನಿನ್ನ ಮನಾಂಗ್,
ರೆಮಿ


ಗಿಮಾರಾಸ್
ಜೂನ್ 20, 1989

ಪ್ರೀತಿಯ ಮನಾಂಗ್ ರೆಮಿ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಕೈ ನಿಲ್ಲುತ್ತಿತ್ತು. ಮಾರಿವಿಕ್ ಮನೆಗೆ ಬಂದಿದ್ದಾಳೆ. ಇನ್ನೂ ಎಷ್ಟು ಚಿಕ್ಕವಳೆಂದರೆ ನನ್ನ ಗಂಡ ರೊದೆಲ್ ಅವಳನ್ನು ಒಂದೇ ಅಂಗೈಯಲ್ಲಿ ಎತ್ತಿಕೊಂಡು, ದೋಣಿ ನಡೆಸುವ ತನ್ನ ಗೆಳೆಯರಿಗೆಲ್ಲ ತೋರಿಸುತ್ತಾನೆ. ಅತ್ತೆ ನಾನಾಯ್ ಬಸ್ಯಾ ಅವಳ ಅಂಗಿಗೆ ಕೆಂಪು ಬಟ್ಟೆಯಲ್ಲಿ ಶುಂಠಿ, ಬೆಳ್ಳುಳ್ಳಿ ಕಟ್ಟಿ ಪಿನ್ ಹಾಕಿದ್ದಾರೆ. ಕೂಸಿನ ಮೈಯೆಲ್ಲ ಅಡುಗೆಮನೆಯ ವಾಸನೆ.

ಮೊನ್ನೆ ಅವಳು ನಕ್ಕಳು. ಹೊಟ್ಟೆಯ ಗಾಳಿಗಲ್ಲ, ನಿದ್ದೆಯಲ್ಲೂ ಅಲ್ಲ, ನನ್ನ ಮುಖ ನೋಡಿಯೇ ನಕ್ಕಳು. ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಕೇಳಿದ್ದಕ್ಕೆ ಅತ್ತೆ, "ಮಗು ಕಳ್ಕೊಂಡೋಳಿಗೆ ನಿನ್ ಮಗು ನಕ್ಕಿದ್ದು ಬರೀತೀಯೇನೇ ಹುಚ್ಚಿ? ದೃಷ್ಟಿ ತಾಗುತ್ತೆ, ಸುಮ್ನಿರು!" ಎಂದು ಗದರಿದರು. ನೀವೇ ಕೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಮನ್ನಿಸಿ.

ನನ್ನ ಸಕ್ಕರೆ ಹೆರಿಗೆಯಾದ ಮೇಲೂ ಇಳಿದಿಲ್ಲ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ.

ತಂಗಿಯ ಹಾಗಿರುವ ನಿಮ್ಮ ಇಂದಾಯ್,
ನೆಲ್ಫಾ


ಕುಯೊ
ಆಗಸ್ಟ್ 3, 1989

ನನ್ನ ನೆಲ್ಫಾ,

ತಪ್ಪೇ? ನಿನ್ನ ಕಾಗದ ಓದಿ ಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಎಷ್ಟೋ ತಿಂಗಳಿಂದ ಮುಚ್ಚಿಕೊಂಡೇ ಇದ್ದವು.

ಮಾರಿವಿಕ್ ನಕ್ಕಳೆಂದು ಓದಿದ ದಿನ ಇಲ್ಲಿ ಸೆಲ್ಮೊನೂ ನಕ್ಕ. ಹೆದರಬೇಡ, ನನಗೆ ತಲೆ ಕೆಟ್ಟಿಲ್ಲ. ಅವನು ಎಲ್ಲಿ ಮಲಗಿದ್ದಾನೆಂದು ನನಗೆ ಗೊತ್ತು, ಪ್ರತಿ ಭಾನುವಾರ ಹೋಗಿ ಹುಲ್ಲು ಕಿತ್ತು ಬರುತ್ತೇನೆ. ಆದರೆ ಮನೆಯೊಳಗೆ ಬಂದರೆ ಇಲ್ಲಿಯೂ ಒಬ್ಬನಿದ್ದಾನೆ. ಅವನಿಗೆ ಮುಖವಿರಲಿಲ್ಲ. ನೀನು ಬರೆದ ಮೇಲೆ ಒಂದು ನಗು ಬಂತು.

ಅವಳು ಯಾವಾಗ ಕೂರುತ್ತಾಳೆ, ಯಾವಾಗ ಹಲ್ಲು ಬರುತ್ತದೆ, ಎಲ್ಲ ಬೇಕು ನನಗೆ. ಏನನ್ನೂ ಬಿಡಬೇಡ.

ರೆಮಿ


ಗಿಮಾರಾಸ್
ಫೆಬ್ರವರಿ 25, 1990

ಪ್ರೀತಿಯ ಮನಾಂಗ್,

ಮಾರಿವಿಕ್‌ಗೆ ಒಂದು ವರ್ಷ ತುಂಬಿತು. ಆಯುಸ್ಸು ಉದ್ದವಾಗಲೆಂದು ಅತ್ತೆ ಒಂದು ಎಳೆಯನ್ನೂ ತುಂಡು ಮಾಡದೆ ಶಾವಿಗೆ ಬೇಯಿಸಿದರು. ಅಕ್ಕಪಕ್ಕದವರೆಲ್ಲ ಬಂದಿದ್ದರು. ಪಕ್ಕದ ಮನೆಯಲ್ಲಿ ಇದೇ ವಯಸ್ಸಿನ ಹುಡುಗನೊಬ್ಬನಿದ್ದಾನೆ. ಅವನು ಮನೆಯೆಲ್ಲ ತೆವಳಿ, ನೀರಿನ ಹೂಜಿ ಉರುಳಿಸಿ, ಕೋಳಿಯ ಬಾಲ ಹಿಡಿದು ಎಳೆದ. ನಮ್ಮವಳು ಹಾಗಲ್ಲ. ಕೂರಿಸಿದಲ್ಲೇ ದಿಂಬಿಗೆ ಒರಗಿ ಕೂರುತ್ತಾಳೆ. ಮನೆಯಲ್ಲಿ ಒಂದೇ ಒಂದು ವಸ್ತು ಮುರಿದಿಲ್ಲ.

ಎರಡು ಹಲ್ಲು ಬಂದಿವೆ. ನಗು ಮಾತ್ರ ಇಡೀ ದಿನ ಇರುತ್ತದೆ.

ಹೆಚ್ಚು ಬರೆಯಲು ಆಗುತ್ತಿಲ್ಲ. ಬೆಳಿಗ್ಗೆ ಅವಳನ್ನು ಕರೆದುಕೊಂಡು ಇಲೊಯಿಲೊಗೆ ಹೋಗುವ ದೋಣಿ ಹಿಡಿಯಬೇಕು, ಸ್ವಲ್ಪ ಕೆಲಸವಿದೆ.

ನೆಲ್ಫಾ


ಕುಯೊ
ಜೂನ್ 9, 1990

ನೆಲ್ಫಾ,

ಎಷ್ಟು ಒಳ್ಳೆಯ ಮಗು! ನನ್ನವನೂ ಹಾಗೆಯೇ. ತಂಟೆಯಿಲ್ಲ. ಕೂರಿಸಿದಲ್ಲಿ ಕೂತು ನಾನು ಅಕ್ಕಿ ಆರಿಸುವುದನ್ನೇ ನೋಡುತ್ತಾನೆ.

ಬಾಗಿಲ ಚೌಕಟ್ಟಿನ ಮೇಲೆ, ಒಂದು ವರ್ಷದ ಮಗು ನಿಂತರೆ ತಲೆ ಎಲ್ಲಿಗೆ ಬರುತ್ತದೋ ಅಲ್ಲಿ, ಚಾಕುವಿನಿಂದ ಒಂದು ಗೆರೆ ಹಾಕಿದ್ದೆ. ಮಾರನೆಯ ವಾರ ನೋಡಿದರೆ ಯಾರೋ ಆ ಜಾಗವನ್ನು ಕೆರೆದು ನುಣ್ಣಗೆ ಮಾಡಿದ್ದರು. "ಗೆದ್ದಲು ಹತ್ತಿತ್ತು, ಕೆರೆದೆ," ಎಂದ ತಿಕ್ಯೊ. ಇಬ್ಬರೂ ಊಟಕ್ಕೆ ಕೂತೆವು.

ಆರೋಗ್ಯ ಕೇಂದ್ರದ ನರ್ಸ್ ನನ್ನನ್ನು ಕಂಡಲ್ಲೆಲ್ಲ ತಡೆದು, "ಸಕ್ಕರೆ ನೋಡಿಸ್ಕೊಳ್ಳಿ ಮನಾಂಗ್, ಆಮೇಲೆ ನನ್ನ ಕೇಳ್ಬೇಡಿ," ಎನ್ನುತ್ತಾಳೆ. ಅವಳಿಗೆ ನಿನ್ನ ಸಂಗತಿ ಹೇಳಿದೆ. ನಿನಗೂ ಅದೇ ಸಕ್ಕರೆ, ಅದೇ ಏಳು ತಿಂಗಳು, ಮಗಳು ಮಾತ್ರ ಚಿನ್ನ. ಹಾಗಾದರೆ ಸೆಲ್ಮೊನನ್ನು ತೆಗೆದುಕೊಂಡು ಹೋದದ್ದು ಸಕ್ಕರೆಯಲ್ಲ. ಬೇರೆ ಏನೋ.

ವಾರ್ಡಿನ ಕಿಟಕಿಯ ಹೊರಗೊಂದು ದೊಡ್ಡ ಬಿಳಲಿನ ಮರವಿತ್ತು, ನೆನಪಿದೆಯೇ? ಅವನು ಹೋಗುವ ಹಿಂದಿನ ಸಂಜೆ ಆ ಕಡೆಯಿಂದ ಯಾರೋ ಗುನುಗುತ್ತಿದ್ದರು, ಜೋಗುಳದ ಹಾಗೆ. ನರ್ಸುಗಳು ಯಾರಿಗೂ ಕೇಳಲಿಲ್ಲ. ನಮ್ಮೂರಿನ ಮಂತ್ರದ ಮುದುಕಿ ಹೇಳುತ್ತಾಳೆ, ಅದು ತಮಾವೊ, ಮರದೊಳಗೆ ಮನೆ ಮಾಡಿಕೊಂಡ ಬಿಳಿಯ ಜನ, ಚೆಂದದ ಕೂಸುಗಳನ್ನು ಒಯ್ಯುವವರು. ಅವರು ನಿನ್ನವಳನ್ನು ಬಿಟ್ಟು ನನ್ನವನನ್ನು ಆರಿಸಿಕೊಂಡರು. ಯಾಕೆ ಎನ್ನುವುದೊಂದೇ ನನ್ನ ಪ್ರಶ್ನೆ. ನಾನು ಏನು ಮಾಡಿದ್ದೆ?

ರೆಮಿ


ಗಿಮಾರಾಸ್
ನವೆಂಬರ್ 14, 1992

ಪ್ರೀತಿಯ ಮನಾಂಗ್,

ಇಷ್ಟು ಕಾಲ ಬರೆಯದೇ ಇದ್ದದ್ದಕ್ಕೆ ಬೈಯಿರಿ. ನಿಮ್ಮ ಮೂರು ಕಾಗದಗಳೂ ಬಂದಿವೆ, ತಲೆದಿಂಬಿನ ಕೆಳಗಿವೆ.

ಮಾರಿವಿಕ್ ಎದ್ದು ನಿಲ್ಲುತ್ತಾಳೆ, ಹೆಜ್ಜೆ ಹಾಕುತ್ತಾಳೆ. ನೃತ್ಯ ಮಾಡುವವರ ಹಾಗೆ ತುದಿಗಾಲಿನ ಮೇಲೆಯೇ ಓಡಾಟ. ಬೆಳಿಗ್ಗೆಯಿಂದ ಸಂಜೆಯವರೆಗೂ ಕೋಳಿಗಳ ಜೊತೆ ಮಾತು. ನಮಗೆ ಅರ್ಥವಾಗದಿದ್ದರೂ ಕೋಳಿಗಳಿಗೆ ಎಲ್ಲ ಅರ್ಥವಾಗುತ್ತದೆ. ಬುಧವಾರ ಬುಧವಾರ ಇಲೊಯಿಲೊಗೆ ಹೋಗುತ್ತೇವೆ. ಅಲ್ಲಿ ಮಿಸ್ ಪುರಾ ಎಂಬವರು ಅವಳನ್ನು ಚಾಪೆಯ ಮೇಲೆ ಹಾಕಿ ಆಡಿಸುತ್ತಾರೆ, ದೊಡ್ಡ ಚೆಂಡಿನ ಮೇಲೆ ಮಲಗಿಸಿ ಉರುಳಿಸುತ್ತಾರೆ. ದೋಣಿಯಲ್ಲಿ ಕೂತರೆ ಅವಳಿಗೆ ಹಬ್ಬ.

ಮನಾಂಗ್, ಸಕ್ಕರೆಯ ವಿಷಯದಲ್ಲಿ ಉದಾಸೀನ ಮಾಡಬೇಡಿ. ಮುದುಕಿಯ ಮಾತು ಕೇಳಿಕೊಂಡು ಕೂರಬೇಡಿ. ಇದಕ್ಕಿಂತ ಹೆಚ್ಚು ಹೇಗೆ ಹೇಳಲಿ, ನನಗೆ ತಿಳಿಯುತ್ತಿಲ್ಲ.

ನೆಲ್ಫಾ


ಕುಯೊ
ಜನವರಿ 30, 1993

ನನ್ನ ನೆಲ್ಫಾ,

ತುದಿಗಾಲಿನ ಮೇಲೆ! ಓದಿ ಜೋರಾಗಿ ನಕ್ಕೆ, ತಿಕ್ಯೊ ಅಂಗಳದಿಂದ ಓಡಿಬಂದ. ನನ್ನ ಅಜ್ಜಿ ಕೂಡ ಹಬ್ಬದಲ್ಲಿ ಕುಣಿದರೆ ನೆಲಕ್ಕೆ ಹಿಮ್ಮಡಿ ತಾಗುತ್ತಿರಲಿಲ್ಲವಂತೆ. ಅವಳಿಗೆ ಹೋಗಿದ್ದು ನನ್ನ ಹಾಲಲ್ಲವೇ, ನಮ್ಮ ಕುಣಿತವೂ ಅದರ ಜೊತೆ ಹೋಗಿರಬೇಕು.

ಈಗ ಇಲ್ಲಿಯೂ ಒಬ್ಬ ಇಡೀ ದಿನ ಕುಣಿಯುತ್ತಾನೆ. ನಾನು ಗೇರುಬೀಜ ಒಡೆಯುತ್ತಾ ಕೂತಿದ್ದರೆ ಬೆನ್ನ ಹಿಂದೆ ಹಲಗೆಯ ಮೇಲೆ ಟಪಟಪ ಸದ್ದು. ತಿರುಗಿ ನೋಡುವುದಿಲ್ಲ. ನೋಡಿದರೆ ನಿಲ್ಲುತ್ತದೆ.

ಒಂದು ಫೋಟೋ ಕಳಿಸು. ನಾನು ಬಂದು ಅವಳ ಕುಣಿತ ನೋಡಬೇಕು. ಯಾವಾಗ ಬರಲಿ?

ರೆಮಿ


ಗಿಮಾರಾಸ್
ಮೇ 6, 1993

ಪ್ರೀತಿಯ ಮನಾಂಗ್,

ಫೋಟೋ ಇಟ್ಟಿದ್ದೇನೆ. ಬಿರುಗಾಳಿಗೆ ನಮ್ಮ ಮನೆಯ ಮೇಲ್ಛಾವಣಿ ಹೋಗಿದೆ, ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೇವೆ. ಈಗ ಬಂದರೆ ನಿಮಗೆ ಕಷ್ಟ. ಮನೆ ರಿಪೇರಿಯಾಗಲಿ, ನಾನೇ ಬರೆಯುತ್ತೇನೆ.

ನೆಲ್ಫಾ


ಕುಯೊ
ಜನವರಿ 17, 1995

ನೆಲ್ಫಾ,

ಮೇಲ್ಛಾವಣಿ ಇನ್ನೂ ಆಗಲಿಲ್ಲವೇ? ನೀನು ಕಳಿಸಿದ ಫೋಟೋ ದೇವರ ಪೀಠದ ಪಕ್ಕದಲ್ಲಿದೆ. ಬರೀ ಮುಖ. ಕಾಲು ಕಾಣುವ ಹಾಗೆ ತೆಗೆಸಿದ್ದರೆ ಏನಾಗುತ್ತಿತ್ತು?

ಒಂದು ಮಾತು ಕೇಳುತ್ತೇನೆ, ಒಂದೇ ಸಾಲಿನಲ್ಲಿ ಉತ್ತರ ಕೊಡು. ಮಾರಿವಿಕ್ ಚೆನ್ನಾಗಿದ್ದಾಳೆಯೇ? ಯಾಕೆ ಕೇಳುತ್ತಿದ್ದೇನೆಂದು ಈಗ ಕೇಳಬೇಡ.

ರೆಮಿ


ಗಿಮಾರಾಸ್
ಫೆಬ್ರವರಿ 11, 1995

ಮನಾಂಗ್,

ಚೆನ್ನಾಗಿದ್ದಾಳೆ. ಈ ವರ್ಷ ಒಂದು ಜ್ವರವೂ ಬಂದಿಲ್ಲ.

ನೆಲ್ಫಾ


ಗಿಮಾರಾಸ್
ಮಾರ್ಚ್ 28, 1995

ಮನಾಂಗ್,

ಹೆದರಿಕೆಯಾಗಿ ಬರೆಯುತ್ತಿದ್ದೇನೆ. ಇಂಥದ್ದರ ಬಗ್ಗೆ ಕೇಳಲು ನನಗೆ ನಿಮ್ಮನ್ನು ಬಿಟ್ಟರೆ ಬೇರೆ ಯಾರಿದ್ದಾರೆ?

ಕಳೆದ ವಾರ ನಡು ಮಧ್ಯಾಹ್ನ. ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದೆ. ಮಾರಿವಿಕ್ ಅಂಗಳದಲ್ಲಿ ಬಿದಿರಿನ ಬೇಲಿ ಹಿಡಿದುಕೊಂಡು ಅತ್ತಿಂದಿತ್ತ ಹೋಗುತ್ತಿದ್ದಳು. ದಿನಾ ಹಾಗೆ ಹೋಗುತ್ತಾಳೆ. ರಸ್ತೆಯಾಚೆಯ ಮಾವಿನ ಮರದ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಕಪ್ಪು ಕೊಡೆ, ಮುಖದ ಮೇಲೆಲ್ಲ ನೆರಳು. ಕದಲುತ್ತಿರಲಿಲ್ಲ. ಆ ಬಿಸಿಲಲ್ಲಿ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮಾರಿವಿಕ್ ಬೇಲಿ ಬಿಟ್ಟು ಒಂದು ಕೈ ಎತ್ತಿ ಅವಳತ್ತ ಬೀಸಿದಳು, ಆಯ ತಪ್ಪಿ ಬಿದ್ದಳು. ನಾನು ಓಡಿಹೋಗಿ ಎತ್ತಿಕೊಂಡು ನೋಡಿದರೆ ಮರದ ಕೆಳಗೆ ಯಾರೂ ಇಲ್ಲ.

ಅತ್ತೆಗೆ ಹೇಳಿದ್ದೇ ತಪ್ಪಾಯಿತು. "ಅವ್ರೇ ಬಂದಿದ್ದು! ಹುಟ್ಟಿದಾಗ್ಲೇ ಅರ್ಧ ಒಯ್ದಿದ್ರು, ಈಗ ಇನ್ನರ್ಧ ಕೇಳಕ್ಕೆ ಬಂದವ್ರೆ!" ಎಂದು ಅಂಗಳದ ತುಂಬ ಉಪ್ಪು ಎರಚಿದರು. ನಾನು ಇಂಥದ್ದನ್ನು ನಂಬುವವಳಲ್ಲ. ಆದರೂ ಈಗ ನನ್ನ ಕೈಗೆ ಕಟ್ಟಿದ ಬಟ್ಟೆಯ ಇನ್ನೊಂದು ತುದಿಯನ್ನು ಅವಳ ಕಾಲಿಗೆ ಕಟ್ಟಿಕೊಂಡೇ ಮಲಗುತ್ತೇನೆ. ನಿಮ್ಮ ಮುದುಕಿಯನ್ನು ಕೇಳಿ ನೋಡಿ. ಆ ಕೊಡೆಯವಳಿಗೆ ಏನು ಬೇಕಂತೆ?

ನೆಲ್ಫಾ


ಕುಯೊ
ಮೇ 19, 1995

ನೆಲ್ಫಾ,

ಯಾರನ್ನೂ ಕೇಳಬೇಕಾಗಿಲ್ಲ. ಮರದ ಕೆಳಗೆ ನಿಂತಿದ್ದವಳು ನಾನು.

ಉಪ್ಪು ಗುಡಿಸಿ ಎಸೆ. ಮಗುವಿನ ಕಾಲಿನ ಗಂಟು ಬಿಚ್ಚು.

ನಾನು ಬಸುರಿ, ನೆಲ್ಫಾ. ಈ ನಲವತ್ತನೆಯ ವಯಸ್ಸಿನಲ್ಲಿ. ಜನವರಿಯಲ್ಲಿ ನಿನಗೆ ಹೇಳಲಿಲ್ಲ, ಹೇಳಿದರೆ ಉಳಿಯುವುದಿಲ್ಲವೇನೋ ಎಂಬ ಭಯ. ಆರೋಗ್ಯ ಕೇಂದ್ರದ ನರ್ಸ್ ಸೂಜಿ ಹಿಡಿದುಕೊಂಡು ನನ್ನ ಹಿಂದೆಯೇ ಓಡಾಡುತ್ತಿದ್ದಳು. ನಾನು ಹಾಕಿಸಿಕೊಳ್ಳಲಿಲ್ಲ. "ನೆಲ್ಫಾಗೂ ಇದೇ ಸಕ್ಕರೆ ಇತ್ತು, ಅವಳ ಮಗಳು ಕುಣೀತಾಳೆ," ಎಂದೆ. ಸಕ್ಕರೆಗೆ ಹೆದರಲಿಲ್ಲ, ಮರಕ್ಕೆ ಹೆದರಿದೆ. ಈ ಸಲ ಮರವೇ ಇಲ್ಲದ ಕಡೆ ಹೆರುತ್ತೇನೆಂದು ನಿಶ್ಚಯಿಸಿದ್ದೆ. ಆದರೂ ಒಮ್ಮೆ ನಿನ್ನ ಮಗಳನ್ನು ಕಣ್ಣಾರೆ ನೋಡಿ ಧೈರ್ಯ ತಂದುಕೊಳ್ಳೋಣವೆನಿಸಿತು. ಆರು ವರ್ಷದ ಹುಡುಗಿಗೆಂದು ಲಂಗ ಹೊಲಿದೆ, ಆಡಲು ಒಂದು ಹಗ್ಗ ತೆಗೆದುಕೊಂಡೆ. ಹೇಳದೆ ಬಂದು ನಿನ್ನನ್ನು ಬೆರಗುಗೊಳಿಸಬೇಕೆಂದಿದ್ದೆ.

ಬೇಲಿ ಹಿಡಿದು ನಡೆಯುತ್ತಿದ್ದ ಹುಡುಗಿ ಅವಳೇ ಎಂದು ನನಗೆ ಮೊದಲು ಗೊತ್ತಾಗಲಿಲ್ಲ. ಯಾರೋ ಪಕ್ಕದ ಮನೆಯ ಮಗುವೆಂದುಕೊಂಡು, ಅಯ್ಯೋ ಪಾಪ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಎರಡು ಮೊಣಕಾಲೂ ಒಂದಕ್ಕೊಂದು ಉಜ್ಜುತ್ತಿದ್ದವು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಆಗ ಒಳಗಿನಿಂದ ನಿನ್ನ ದನಿ ಕೇಳಿತು, "ಮಾರಿವಿಕ್, ಮೆಲ್ಲಗೆ ಕಣೇ, ಹಿಮ್ಮಡಿ ಊರು, ಹಿಮ್ಮಡಿ!" ತುದಿಗಾಲು ಎಂದರೆ ಏನೆಂದು ಅಲ್ಲಿ ನಿಂತಲ್ಲೇ ಅರ್ಥವಾಯಿತು. ದಿಂಬಿಗೆ ಒರಗಿ ಕೂತದ್ದು, ಕೋಳಿಗಳ ಮಾತು, ಬುಧವಾರದ ದೋಣಿ, ಮುಖ ಮಾತ್ರದ ಫೋಟೋ, ಎಲ್ಲವೂ. ಅವಳು ನನಗೆ ಕೈ ಬೀಸಿ ಬಿದ್ದಳು. ನಾನು ಎತ್ತಲು ಬರಲಿಲ್ಲ. ತಿರುಗಿ ದಡದ ಕಡೆ ಓಡಿದೆ.

ನಿನ್ನ ಮೇಲೆ ಎಂಥ ಕೋಪ ಬಂದಿತ್ತೆಂದರೆ ದೋಣಿಯವನು, "ಯಾರ ಜೊತೆ ಜಗಳ ಆಡ್ತಿದ್ದೀರಮ್ಮಾ?" ಎಂದು ಕೇಳಿದ. ಹಡಗಿಗೆ ಹೋಗಲಿಲ್ಲ. ನೇರ ಇಲೊಯಿಲೊದ ನಮ್ಮ ಹಳೆಯ ಆಸ್ಪತ್ರೆಗೆ ಹೋದೆ. ಆ ಬಿಳಲಿನ ಮರವನ್ನು ಕಡಿದು ವರ್ಷಗಳಾಗಿವೆಯಂತೆ, ಅಲ್ಲೀಗ ಬಟ್ಟೆ ಒಣಹಾಕುತ್ತಾರೆ. ಒಬ್ಬ ಹೆಂಗಸು ಡಾಕ್ಟರು ನನ್ನ ಹಳೆಯ ಕತೆಯನ್ನೆಲ್ಲ ಕೂರಿಸಿಕೊಂಡು ಕೇಳಿದರು. "ತಾಯಿಗೆ ಸಕ್ಕರೆ ಹೆಚ್ಚಿದ್ರೆ ಮಗುವಿನ ಶ್ವಾಸಕೋಶ ಮಾಗೋದು ತಡ. ಅದ್ರ ಮೇಲೆ ನಿಮ್ಮ ಮಗು ತಿಂಗಳು ತುಂಬದೇನೇ ಹುಟ್ಟಿತು. ಉಸಿರಾಡಕ್ಕೆ ಆಗ್ಲಿಲ್ಲ. ಯಾರೂ ಒಯ್ದಿಲ್ಲಮ್ಮ," ಎಂದರು. ಹಾಗಾದರೆ ಪಕ್ಕದ ಪೆಟ್ಟಿಗೆಯ ಮಗು ಹೇಗೆ ಉಳಿಯಿತು ಎಂದು ಕೇಳಿದೆ. "ಕೆಲವು ಉಳಿತಾವೆ. ಉಳಿದವಕ್ಕೂ ಮುಂದೆ ಏನೇನು ಕಾದಿರುತ್ತೋ ಬೆಳೀತಾ ಬೆಳೀತಾ ಗೊತ್ತಾಗ್ಬೇಕು," ಎಂದರು. ಆ ಸಂಜೆ ಗುನುಗಿದ್ದು ಏನೆಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಅಂದೇ ಮೊದಲ ಇನ್ಸುಲಿನ್ ಹಾಕಿಸಿಕೊಂಡೆ. ಈಗ ನಾನೇ ಚುಚ್ಚಿಕೊಳ್ಳುತ್ತೇನೆ. ಅನ್ನ ಕಡಿಮೆ, ಹಾಗಲಕಾಯಿ ಹೆಚ್ಚು. ಇಷ್ಟು ತಿಂಗಳು ತಡವಾದದ್ದಕ್ಕೆ ಒಳಗಿರುವ ಕೂಸಿಗೆ ಏನಾಗಿದೆಯೋ ಯಾರಿಗೂ ತಿಳಿಯದು.

ಯಾಕೆ ಹೀಗೆ ಮಾಡಿದೆ, ನೆಲ್ಫಾ? ಚಿನ್ನದಂಥ ಮಗುವಿನ ಸುದ್ದಿಯೇ ಬೇಕೆಂದು ನಾನು ಕೇಳಿದ್ದೆನೇ?

ರೆಮೆದಿಯೋಸ್


ಗಿಮಾರಾಸ್
ಜೂನ್ 15, 1995

ಮನಾಂಗ್,

ನಿಮ್ಮ ಕಾಗದ ಓದಿ ಮೊದಲು ಬಂದದ್ದು ಸಿಟ್ಟು. ನನ್ನ ಮಗಳು ನಿಮ್ಮನ್ನು ನೋಡಿ ಕೈ ಬೀಸಿದಳು. ನೀವು ಓಡಿದಿರಿ. ಓಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಮ್ಮನ್ನು ಆ ಸಾಲಿನಲ್ಲಿ ಎಣಿಸಿರಲಿಲ್ಲ.

ಆಮೇಲೆ ನಿಮ್ಮ ಬಸಿರಿನ ಮಾತನ್ನು ಮತ್ತೆ ಓದಿದೆ. ಸೂಜಿ ಬೇಡವೆಂದದ್ದು ನನ್ನ ಕಾಗದಗಳ ಧೈರ್ಯದ ಮೇಲೆ ಎನ್ನುವ ಆ ಸಾಲನ್ನು. ಸ್ಟೋವಿನ ಮೇಲೆ ಅನ್ನ ಹೊತ್ತಿಹೋದದ್ದೂ ಗೊತ್ತಾಗಲಿಲ್ಲ.

ಯಾಕೆಂದು ಕೇಳಿದ್ದೀರಿ. ಅವಳು ನಕ್ಕಳೆಂದು ಬರೆದೆ, ನಿಮ್ಮ ಸೆಲ್ಮೊ ನಕ್ಕ. ಕೂತಳೆಂದು ಬರೆದೆ, ಅವನೂ ಕೂತ. ನಾನು ಏನು ಬರೆದರೆ ಅವನಿಗೆ ಅದು ಆಗುತ್ತಿತ್ತು. ಅವಳ ಕಾಲು ಸೆಟೆದುಕೊಂಡಿದೆ, ನಡೆಯುತ್ತಾಳೋ ಇಲ್ಲವೋ ಗೊತ್ತಿಲ್ಲ ಎಂದು ಡಾಕ್ಟರು ಹೇಳಿದ ದಿನ ಬರೆಯಲು ಕೂತೆ. ಮಣ್ಣಿನಲ್ಲಿ ಮಲಗಿದ ನಿಮ್ಮ ಮಗನನ್ನು ನಾನು ಹೇಗೆ ಕುಂಟನನ್ನಾಗಿ ಮಾಡಲಿ, ಮನಾಂಗ್? ಕೈ ಬರಲಿಲ್ಲ. ಸುಳ್ಳು ಬರೆಯಬಾರದೆಂದು ನಿಜದಲ್ಲಿ ಚೆಂದ ಕಂಡಷ್ಟನ್ನು ಮಾತ್ರ ಆರಿಸಿ ಬರೆದೆ. ಮಗಳು ಉಳಿದದ್ದೇ ದೊಡ್ಡದು, ಅದರ ಮೇಲೆ ನಿಮ್ಮ ಮುಂದೆ ಗೋಳಾಡುವುದು ಹೇಗೆ ಎಂಬ ನಾಚಿಕೆಯೂ ಇತ್ತು.

ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅವಳ ಕಾಲಿಗೆ ಏನೂ ಆಗಿಲ್ಲವಂತೆ, ತಲೆಯಿಂದ ಕಾಲಿಗೆ ಹೋಗುವ ಮಾತು ದಾರಿಯಲ್ಲಿ ತಡವರಿಸುತ್ತದೆ. ಮಿಸ್ ಪುರಾ ಹಾಗೆ ಹೇಳಿಕೊಟ್ಟರು. ನಾಲಿಗೆಗೂ ಅಷ್ಟೇ. ಅವಳು ಮೂರು ಪದ ಜೋಡಿಸುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಶಾಲೆಯ ಟೀಚರು, "ಮುಂದಿನ ವರ್ಷ ನೋಡೋಣ," ಎನ್ನುತ್ತಾರೆ. ಹೋದ ವರ್ಷವೂ ಅದನ್ನೇ ಅಂದಿದ್ದರು. ಅಂಗಿಯ ಗುಂಡಿ ಹಾಕಲು ಬಾರದು. ಹಾಡು ಮಾತ್ರ ಒಂದು ಸಲ ಕೇಳಿದರೆ ಸಾಕು, ರಾಗ ತಪ್ಪುವುದಿಲ್ಲ. ಕುದಿಯುವ ಸಿಟ್ಟಿದೆ. ಬಿದ್ದಾಗ ಎತ್ತಲು ಹೋದರೆ ಕಚ್ಚುತ್ತಾಳೆ, ತಾನೇ ಏಳಬೇಕು. ಬುಧವಾರ ಮನೆಗೆ ಬರುವಾಗ ದೋಣಿಯಲ್ಲಿ ಕೆಲವು ಸಲ ನಾನು ಅಳುತ್ತೇನೆ, ಅವಳಿಗೆ ಕಾಣದ ಹಾಗೆ ನೀರಿನ ಕಡೆ ತಿರುಗಿಕೊಂಡು.

ಅತ್ತೆ ಉಪ್ಪು ಎರಚಿದ ದಿನ ಅವಳು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ, "ಲೋಲಾ... ಉಪ್ಪು... ಮೀನಿಗೆ ಹಾಕೋದು," ಎಂದಳು ಅಜ್ಜಿಗೆ. ಅತ್ತೆಗೆ ಎಲ್ಲಿಲ್ಲದ ಕೋಪ, ಅವರ ಮಗನಿಗೆ ತಡೆಯಲಾರದ ನಗು.

ಇನ್ನೊಂದಿದೆ. ಅಂದೇ ಸಂಜೆ ಅವಳು ನನಗೆ ಹೇಳಿದ್ದಳು, "ಕೊಡೆ ಅಮ್ಮ... ಅಳ್ತಿದ್ರು." ಅಂಥವರಿಗೆ ಕಣ್ಣೀರೇ ಇರುವುದಿಲ್ಲವೆಂದು ಅತ್ತೆ ತಳ್ಳಿಹಾಕಿದರು. ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಮನೆಯಲ್ಲಿ ನಿಮ್ಮನ್ನು ಸರಿಯಾಗಿ ನೋಡಿದವಳು ಅವಳೊಬ್ಬಳೇ.

ಸೂಜಿ ಬಿಡಬೇಡಿ. ಹೆರಿಗೆಗೆ ಊರಲ್ಲಿ ಉಳಿಯಬೇಡಿ, ಮುಂಚೆಯೇ ಇಲೊಯಿಲೊಗೆ ಬನ್ನಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನೆಲ್ಫಾ


ಇಲೊಯಿಲೊ
ಜುಲೈ 24, 1995

ನನ್ನ ನೆಲ್ಫಾ,

ಬಂದಿದ್ದೇನೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ತಿಕ್ಯೊನ ಸೋದರತ್ತೆಯ ಮನೆ. ಕೂಸು ಹೊಟ್ಟೆಯಲ್ಲಿ ತಿಂಗಳಿಗಿಂತ ದಪ್ಪವಾಗಿ ಬೆಳೆದಿದೆ, ಸಕ್ಕರೆ ಕುಡಿದು ಬೆಳೆದದ್ದು ಎನ್ನುತ್ತಾರೆ ಡಾಕ್ಟರು. ಪೂರ್ತಿ ತಿಂಗಳು ಕಾಯಲು ಬಿಡುವುದಿಲ್ಲವಂತೆ.

ನಿನ್ನ ಕಾಗದವನ್ನು ತಿಕ್ಯೊನಿಗೆ ಓದಿ ಹೇಳಿದೆ. ಅವನನ್ನು ಹೇಗೆ ಕುಂಟನನ್ನಾಗಿ ಮಾಡಲಿ ಎಂದು ಬರೆದಿದ್ದೆಯಲ್ಲ, ಆ ಸಾಲಿಗೆ ಬಂದಾಗ ತಿಕ್ಯೊ ಬಲೆ ಕೆಳಗಿಟ್ಟ. "ಸೆಲ್ಮೊ," ಎಂದ. ಅಷ್ಟೇ. ಆರು ವರ್ಷದಲ್ಲಿ ಮೊದಲ ಸಲ.

ನಿನಗೆ ಇದುವರೆಗೆ ಬರೆಯದ ಒಂದು ಸಂಗತಿ ಹೇಳುತ್ತೇನೆ. ಇಷ್ಟು ವರ್ಷವೂ ಅವನು ನನ್ನ ಕನಸಿಗೆ ಬರುತ್ತಿದ್ದ. ದಡದ ಮೇಲೆ ನನ್ನ ಮುಂದೆ ಓಡುತ್ತಿದ್ದ. ಚೆನ್ನಾಗಿ ಓಡುತ್ತಿದ್ದ, ನಿನ್ನ ಕಾಗದಗಳು ಅವನನ್ನು ಹಾಗೆ ಬೆಳೆಸಿದ್ದವು. ನಾನು ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ, ಎಷ್ಟು ಓಡಿದರೂ ಕೈಗೆ ಸಿಗುತ್ತಿರಲಿಲ್ಲ.

ನಿನ್ನ ಮಗಳನ್ನು ನೋಡಿ ಬಂದ ಮೇಲೆ ಬಹಳ ದಿನ ಅವನು ಬರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಬಂದ. ತುದಿಗಾಲಿನ ಮೇಲೆ, ಮೊಣಕಾಲು ಉಜ್ಜುತ್ತ, ಎಳೆದಿಟ್ಟ ದೋಣಿಗಳ ಅಂಚು ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಿದ್ದ. ನಾನು ಓಡಬೇಕಾಗಲಿಲ್ಲ, ನೆಲ್ಫಾ. ನಾಲ್ಕು ಹೆಜ್ಜೆ ಹಾಕಿದೆ, ಸಿಕ್ಕಿದ. ಬೆವರಿದ ಕತ್ತಿನ ವಾಸನೆ ಮೂಗಿಗೆ ಬಂತು. ಕುಂಟನನ್ನಾಗಿ ಮಾಡಲು ಹೆದರಿದೆಯಲ್ಲ, ಮೊದಲೇ ಮಾಡಿದ್ದರೆ ಇಷ್ಟು ವರ್ಷ ಅವನು ನನ್ನ ತೋಳಿನಲ್ಲಿರುತ್ತಿದ್ದ.

ಓಡಿಹೋದ ನನ್ನನ್ನು ಮಾರಿವಿಕ್ ಮತ್ತೆ ನೋಡಲು ಒಪ್ಪುತ್ತಾಳೆಯೇ? ಕೇಳಿ ನೋಡು. ಮುಂದಿನ ವಾರ ವಾರ್ಡಿಗೆ ಸೇರಿಸಿಕೊಳ್ಳುತ್ತಾರೆ. ಆ ಗಾಜಿನ ಪೆಟ್ಟಿಗೆಗಳ ಪಕ್ಕ ಒಬ್ಬಳೇ ಹೋಗಿ ಕೂರಲು ನನಗೆ ಧೈರ್ಯವಿಲ್ಲ. ಬುಧವಾರ ಹೇಗೂ ನೀವು ಬರುತ್ತೀರಲ್ಲ.

ರೆಮಿ


ಇಲೊಯಿಲೊ, ಹೆರಿಗೆ ವಾರ್ಡು
ಆಗಸ್ಟ್ 19, 1995

ನನ್ನ ನೆಲ್ಫಾ,

ನೀವು ಬಂದುಹೋದ ಮೇಲೆ ವಾರ್ಡು ಖಾಲಿಯೆನಿಸುತ್ತಿದೆ. ಮಾರಿವಿಕ್ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. "ಇವತ್ತು... ಓಡ್ಬೇಡಿ," ಎಂದಳಲ್ಲ. ಓಡಲು ನನ್ನಿಂದ ಎಲ್ಲಿ ಆಗುತ್ತದೆ, ಹೊಟ್ಟೆ ಕೊಯ್ದು ಕೂಸನ್ನು ತೆಗೆದ ಹೊಲಿಗೆಯೇ ಇನ್ನೂ ಒಣಗಿರಲಿಲ್ಲ. ಮಂಚದ ಸರಳುಗಳನ್ನು ಒಂದೊಂದಾಗಿ ಹಿಡಿದುಕೊಂಡು ಅವಳು ನನ್ನ ಹತ್ತಿರ ಬರುವವರೆಗೂ ನಾನು ಕೈ ಚಾಚಲಿಲ್ಲ, ನೀನು ಹೇಳಿದ್ದ ಹಾಗೆ. ಆಮೇಲೆ ನನ್ನ ಮೈಮೇಲೆ ಬಿದ್ದ ಅವಳ ಭಾರ! ಇನ್ನೂ ತೋಳಿನಲ್ಲಿದೆ.

ನಿನ್ನೆ ಬೆಳಿಗ್ಗೆ ನನ್ನ ಹೆಣ್ಣುಕೂಸಿಗೆ ಮತ್ತೆ ಸಕ್ಕರೆ ಇಳಿಯಿತು. ನನ್ನೊಳಗೆ ಇಷ್ಟು ದಿನ ಸಕ್ಕರೆ ಉಂಡುಂಡು ಅಭ್ಯಾಸವಾಗಿ ಈಗ ಹೊರಗೆ ತಡೆಯಲು ಆಗುತ್ತಿಲ್ಲವಂತೆ. ಮೈ ನಡುಗಿತು, ತುಟಿ ನೀಲಿಯಾಯಿತು. ನರ್ಸುಗಳು ನನ್ನನ್ನು ಹೊರಗೆ ಕಳಿಸಿದರು. ಓಣಿಯ ಬೆಂಚಿನ ಮೇಲೆ ತಿಕ್ಯೊ ನನ್ನ ಕೈ ಹಿಡಿದುಕೊಂಡು ಕೂತಿದ್ದ. ಇಬ್ಬರಿಗೂ ಒಂದೇ ಹೆಸರು ನೆನಪಾಗುತ್ತಿತ್ತು, ಈ ಸಲ ಇಬ್ಬರೂ ಬಾಯಿಬಿಟ್ಟು ಅಂದೆವು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ಉಸಿರಾಡುತ್ತಿದ್ದಳು. ಕೊಳವೆಯಿಲ್ಲದೆ, ತಾನಾಗಿಯೇ.

ಮುಂದೆ ಹೇಗಿರುತ್ತಾಳೆಂದು ಡಾಕ್ಟರನ್ನು ಕೇಳಿದೆ. "ಈಗ್ಲೇ ಏನೂ ಹೇಳಕ್ಕಾಗಲ್ಲಮ್ಮ. ಎಲ್ಲಾ ಸರಿ ಇರ್ಬಹುದು. ಇಲ್ದೇನೂ ಇರ್ಬಹುದು. ವರ್ಷಗಳು ಬೇಕು," ಎಂದರು. ತಿಕ್ಯೊಗೆ ಬೇಜಾರಾಯಿತು, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ನನಗೆ ಆ ಮಾತೇ ಸಾಕೆನಿಸಿತು.

ಇವತ್ತು ಅವಳನ್ನು ಮುಟ್ಟಲು ಬಿಟ್ಟರು. ಬಲಗೈಗೆ ನನ್ನ ಬೆರಳು ಕೊಟ್ಟೆ, ಬಿಗಿಯಾಗಿ ಹಿಡಿದಳು. ಎಡಗೈಗೆ ಕೊಟ್ಟೆ, ಹಿಡಿಯಲಿಲ್ಲ. ಮೂರು ಸಲ ಕೊಟ್ಟು ನೋಡಿದೆ, ಅಂಗೈ ಬಿಚ್ಚಿಯೇ ಇತ್ತು. ನಿದ್ದೆಯಿರಬಹುದು. ಇನ್ನೇನೋ ಇರಬಹುದು. ನಿನಗೆ ಎರಡು ಕೈಯ ಸುದ್ದಿಯನ್ನೂ ಬರೆದಿದ್ದೇನೆ.

ರೆಮಿ